ಜೆಂಬರದೂಟದ ವಾರ ಸಿಆರ್‌ಪಿ ಅಳೆಯುವ ಬಗೆ

ಮೇ ಕೊನೆಗೆ ಬರುವ, ಉತ್ಸವಗಳ ಕಾಲ ಮುಗಿಯುವ ದಿನವಾದ ಪತ್ತನಾಜೆ ಕಳೆಯುವ ತನಕ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಸುತ್ತಿನಲ್ಲಿ ಊಟಕ್ಕೆ ಬಿಡುವಿಲ್ಲ. ಉಪನಯನ, ಮದುವೆ, ಗೃಹಪ್ರವೇಶದಂಥ ಜೆಂಬರಗಳು (ಸಮಾರಂಭಗಳು), ನಡುವೆ ವಾರವಿಡೀ ನಡೆಯುವ ದೇವಸ್ಥಾನದ ಒಂದು ಬ್ರಹ್ಮಕಲಶ. ಈ ದಿನಗಳಲ್ಲಿ ಕ್ಲಿನಿಕ್ಕಿಗೆ ಬರುವವರದು ಒಂದೇ ಮಾತು: "ವಾರವಿಡೀ ತುಪ್ಪ, ಕಾಯಿಹಾಲು ಆಯಿತು, ಉರಿಯೂತ ಏರಿದೆಯೋ ಏನೋ, ಸಿಆರ್‌ಪಿ ಒಂದು ನೋಡುವಾ ಡಾಕ್ಟ್ರೇ." ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಅಂದರೆ ಉರಿಯೂತವಾದಾಗ ಲಿವರ್ ರಕ್ತಕ್ಕೆ ಬಿಡುವ ಪ್ರೋಟೀನ್. ಊಟದ ಮರುದಿನ ಹಾಗೆ ನೋಡಿದ ಸಂಖ್ಯೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಜಿಡ್ಡಿನೂಟದ ಉರಿಯೂತ ಊಟದ ನಂತರದ ಕೆಲವು ಗಂಟೆಗಳ ಸಂಗತಿ. ಆರೋಗ್ಯವಂತರಲ್ಲಿ ಒಂದು ವಾರದ ಅತಿಯೂಟಕ್ಕೆ ಸಿಆರ್‌ಪಿ ಅಷ್ಟಾಗಿ ಕದಲುವುದಿಲ್ಲ. ಅದಕ್ಕಿಂತ ಮೊದಲು ಕದಲುವುದು ಸಕ್ಕರೆ ಮತ್ತು ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್.

ಮೊದಲು ಎಲೆಯ ಲೆಕ್ಕ. "ಎಷ್ಟು ಉಂಡಿರಿ" ಎಂದು ಕೇಳಿದರೆ ಎಲ್ಲರೂ ಕಡಿಮೆ ಹೇಳುತ್ತಾರೆ, ಸುಳ್ಳು ಹೇಳಬೇಕೆಂದಲ್ಲ, ಬಡಿಸಿದ್ದು ನೆನಪಿರುವುದಿಲ್ಲ. ಹಾಗಾಗಿ ಅಡುಗೆಯವರಲ್ಲಿ ಕೇಳುವುದು: ಎಷ್ಟು ತೆಂಗಿನಕಾಯಿ ಒಡೆದರು, ತುಪ್ಪ ಎಷ್ಟು ಕಿಲೋ ಮುಗಿಯಿತು, ಕರಿಯುವ ಬಾಣಲೆಗೆ ಹೊಯ್ದ ಎಣ್ಣೆ ಎಷ್ಟು, ಉಳಿದದ್ದೆಷ್ಟು. ಅದನ್ನು ಎದ್ದ ಎಲೆಗಳ ಸಂಖ್ಯೆಯಿಂದ ಭಾಗಿಸಿದರೆ ನಂಬಬಹುದಾದ ಸರಾಸರಿ ಸಿಗುತ್ತದೆ. ಒಬ್ಬೊಬ್ಬರದೇ ಬೇಕಾದರೆ ಸೌಟಿನ ಅಳತೆ ಹಿಡಿಯಬೇಕು. ಹೋಳಿಗೆಗೆ ಹೊಯ್ದ ದಪ್ಪ ಕಾಯಿಹಾಲು 100 ಮಿ.ಲೀ. ಅಂದರೆ ಸುಮಾರು 20 ಗ್ರಾಂ ಕೊಬ್ಬು. ಅನ್ನಕ್ಕೂ ಹೋಳಿಗೆಗೂ ಸೇರಿ ಎರಡು ದೊಡ್ಡ ಚಮಚ ತುಪ್ಪಕ್ಕೆ 27 ಗ್ರಾಂ. ಪಾಯಸಕ್ಕೆ 15, ಒಂದು ಹಿಡಿ ಬಾಳೆಕಾಯಿ ಚಿಪ್ಸಿಗೆ 10. ಮೇಲಾರ, ಅವಿಲು, ಪಲ್ಯಗಳಲ್ಲಿ ಸೇರಿದ 60 ಗ್ರಾಂ ಕಾಯಿತುರಿಯಲ್ಲಿ ಇನ್ನೊಂದು 20. ಒಟ್ಟು 92 ಗ್ರಾಂ. ಗ್ರಾಂಗೆ 9 ಕಿಲೊಕ್ಯಾಲೊರಿಯಂತೆ ಕೊಬ್ಬಿನಿಂದಲೇ 828. ಅನ್ನ, ಬೆಲ್ಲ, ಮೈದಾ ಇದರಲ್ಲಿ ಸೇರಿಲ್ಲ. ಮನೆಯಲ್ಲಿ ಇಡೀ ದಿನಕ್ಕೆ 60 ಗ್ರಾಂ ಕೊಬ್ಬು ಹೋಗುವವರಿಗೆ ಇದು ಒಂದೇ ಊಟ.

ಬೆಲ್ಲವನ್ನು ಬಿಟ್ಟು ಲೆಕ್ಕ ಹಾಕಬಾರದು. ಕೊಬ್ಬು ಮಾತ್ರ ಹೆಚ್ಚಿಸಿ ಪಿಷ್ಟ ಕಡಿಮೆ ಮಾಡಿ ಉಣ್ಣಿಸಿದರೆ ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡ್ ಕೆಲವರಲ್ಲಿ ಇಳಿಯುವುದೂ ಉಂಟು. ನಮ್ಮ ಎಲೆಯಲ್ಲಿ ಕೊಬ್ಬಿನ ಜೊತೆಗೇ ಬೆಲ್ಲವೂ ಅನ್ನವೂ ಇರುತ್ತವೆ, ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ಬರೇ ಕೊಬ್ಬಿನ ಅಧ್ಯಯನಗಳನ್ನು ನಮ್ಮ ಊಟಕ್ಕೆ ನೇರವಾಗಿ ಹೊಂದಿಸಲು ಆಗದಿರುವುದು ಇದರಿಂದ.

ಊಟದ ನಂತರ ಒಳಗೆ ಆಗುವುದು ಹೀಗೆ. ಕರುಳು ಕೊಬ್ಬನ್ನು ಕೈಲೋಮೈಕ್ರಾನ್ ಎಂಬ ಸಣ್ಣ ಹನಿಗಳಾಗಿ ಕಟ್ಟಿ ದುಗ್ಧನಾಳದ ಮೂಲಕ ರಕ್ತಕ್ಕೆ ಕಳುಹಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾದ ಹೊರಗೋಡೆಯ ಚೂರು, ಅಂದರೆ ಲೈಪೊಪಾಲಿಸ್ಯಾಕರೈಡ್, ಸ್ವಲ್ಪ ಮಟ್ಟಿಗೆ ಈ ಹನಿಗಳ ಜೊತೆ ಒಳಬರುತ್ತದೆ. ಬಿಳಿ ರಕ್ತಕಣಗಳು ಅದನ್ನು ಗುರುತಿಸಿ ಐಎಲ್-6ನಂಥ ಸಂಕೇತಗಳನ್ನು ಹೊರಡಿಸುತ್ತವೆ. ಟ್ರೈಗ್ಲಿಸರೈಡ್ 3–5 ಗಂಟೆಗೆ ತುದಿ ಮುಟ್ಟುತ್ತದೆ, ಆ ಹೊತ್ತಿಗೆ ಬಿಳಿ ರಕ್ತಕಣಗಳ ಎಣಿಕೆಯೂ ತುಸು ಮೇಲಿರುತ್ತದೆ. ಐಎಲ್-6 ಹೇಳಿದ ಮೇಲಷ್ಟೇ ಲಿವರ್ ಸಿಆರ್‌ಪಿ ತಯಾರಿಸುವುದು. ಅದು ಏರಲು 6–8 ಗಂಟೆ ಬೇಕು, ತುದಿ ಸುಮಾರು 48 ಗಂಟೆಗೆ, ಆಮೇಲೆ 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಮಧ್ಯಾಹ್ನ ಒಂದಕ್ಕೆ ಉಂಡು ಸಂಜೆ ಐದಕ್ಕೆ ಸಿಆರ್‌ಪಿಗೆ ರಕ್ತ ಕೊಟ್ಟರೆ ಆ ಊಟ ಅದರಲ್ಲಿ ಇರುವುದೇ ಇಲ್ಲ.

ಅತಿಯೂಟ ಮುಂದುವರಿದರೆ? ಆಸ್ಟ್ರೇಲಿಯಾದಲ್ಲಿ 28 ದಿನ, ದಿನಕ್ಕೆ 1250 ಕಿಲೊಕ್ಯಾಲೊರಿ ಹೆಚ್ಚಿಗೆ ಉಣ್ಣಿಸಿ ನೋಡಿದ ಅಧ್ಯಯನ 2010ರಲ್ಲಿ ಬಂತು. ಇನ್ಸುಲಿನ್ ಕೆಲಸ ಕುಗ್ಗಿತ್ತು, ಆದರೆ ಚರ್ಮದಡಿಯ ಕೊಬ್ಬಿನಲ್ಲಿ ಉರಿಯೂತದ ಕಣಗಳಾದ ಮ್ಯಾಕ್ರೋಫೇಜ್‌ಗಳು ಹೆಚ್ಚಿರಲಿಲ್ಲ. 2018ರ ಫಿನ್ಲೆಂಡಿನ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ತೂಕ ಹೆಚ್ಚಿದ್ದವರಿಗೆ ಮೂರು ವಾರ, ದಿನಕ್ಕೆ 1000 ಕಿಲೊಕ್ಯಾಲೊರಿ ಹೆಚ್ಚಿಗೆ. ಬೆಣ್ಣೆ, ತೆಂಗಿನೆಣ್ಣೆ, ಚೀಸಿನಂಥ ಪರ್ಯಾಪ್ತ ಕೊಬ್ಬು ತಿಂದವರ ಲಿವರ್ ಕೊಬ್ಬು 55% ಏರಿತು, ಅಪರ್ಯಾಪ್ತ ಕೊಬ್ಬಿನವರದು 15%, ಸಕ್ಕರೆಯವರದು 33%. ಪರ್ಯಾಪ್ತ ಕೊಬ್ಬಿನ ಗುಂಪಿನಲ್ಲಿ ರಕ್ತದ ಎಂಡೊಟಾಕ್ಸಿನ್ (ಮೇಲೆ ಹೇಳಿದ ಲೈಪೊಪಾಲಿಸ್ಯಾಕರೈಡ್) ಕೂಡ ಏರಿತ್ತು. ಅತಿಯೂಟದ ಮೊದಲ ಪೆಟ್ಟು ಲಿವರಿಗೆ ಮತ್ತು ಇನ್ಸುಲಿನ್ನಿಗೆ ಎಂದು ನಾನು ಹೇಳುವುದು ಇದರ ಆಧಾರದ ಮೇಲೆ.

ಈಗ ಪರೀಕ್ಷೆ. ಚೀಟಿಯಲ್ಲಿ ಬರೇ "ಸಿಆರ್‌ಪಿ" ಎಂದು ಬರೆದರೆ ಸಣ್ಣ ಲ್ಯಾಬುಗಳು ಲೇಟೆಕ್ಸ್ ಸ್ಲೈಡಿನಲ್ಲಿ ನೋಡಿ "6ಕ್ಕಿಂತ ಕಡಿಮೆ" ಎಂದು ಕೊಡುತ್ತವೆ. ಜ್ವರಕ್ಕೆ ಅದು ಸಾಕು, ಇದಕ್ಕೆ ಸಾಲದು. "ಹೈ ಸೆನ್ಸಿಟಿವಿಟಿ ಸಿಆರ್‌ಪಿ" ಎಂದೇ ಬರೆಯಬೇಕು. ಲೀಟರಿಗೆ 1 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 1–3 ನಡುವಣದು, 3ಕ್ಕಿಂತ ಮೇಲೆ ಹೆಚ್ಚು. 10 ದಾಟಿದರೆ ಮೊದಲು ಸೋಂಕು ಹುಡುಕಿ, ಎರಡು ವಾರ ಬಿಟ್ಟು ಪುನಃ ನೋಡಬೇಕು. ಘಟಕವನ್ನೂ ಓದಬೇಕು: ಕೆಲವು ವರದಿಗಳು ಡೆಸಿಲೀಟರಿನಲ್ಲಿ ಇರುತ್ತವೆ, ಅಲ್ಲಿಯ 0.3 ಅಂದರೆ ಇಲ್ಲಿಯ 3. ಮಂಗಳೂರಿನ ಒಂದು ವರದಿ, ಕಾಸರಗೋಡಿನ ಇನ್ನೊಂದು ಎಂದು ಹೋಲಿಸುವುದು ಬೇಡ, ಎಲ್ಲಾ ಸ್ಯಾಂಪಲ್ ಒಂದೇ ಲ್ಯಾಬಿನಲ್ಲಿ ಆಗಬೇಕು.

ನಾನು ಇಟ್ಟುಕೊಂಡ ಕ್ರಮ: ಊಟಗಳು ಶುರುವಾಗುವ ಎರಡು ವಾರ ಮೊದಲೊಮ್ಮೆ, ಹಿಂದಿನ ದಿನ ಇನ್ನೊಮ್ಮೆ. ಈ ಎರಡರ ಸರಾಸರಿಯೇ ಆಧಾರ. ಒಬ್ಬರದೇ ರಕ್ತದಲ್ಲಿ ಈ ಸಂಖ್ಯೆ ಸುಮ್ಮನೆ ಅರ್ಧದಷ್ಟು ಏರಿಳಿಯಬಲ್ಲದು, ಒಂದೇ ಸ್ಯಾಂಪಲ್ ನಂಬಿದರೆ 0.8 ಇದ್ದದ್ದು 1.2 ಆದಾಗ ಊಟದ ಮೇಲೆ ಗೂಬೆ ಕೂರಿಸುತ್ತೇವೆ. ಮೂರನೆಯದು ಕೊನೆಯ ಊಟದ ಮರುದಿನ, ನಾಲ್ಕನೆಯದು ಅದಾಗಿ ಎರಡು ವಾರಕ್ಕೆ. ಪ್ರತಿ ಸಲ ಜೊತೆಗೆ ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್, ಲಿವರಿನ ಕಿಣ್ವವಾದ ಎಎಲ್‌ಟಿ, ಬಿಳಿ ರಕ್ತಕಣ, ಸೊಂಟದ ಸುತ್ತಳತೆ. ಇಎಸ್‌ಆರ್ ಬೇಡ. ರಕ್ತಕಣ ತಳಕ್ಕಿಳಿಯುವ ವೇಗ ನೋಡುವ ಆ ಪರೀಕ್ಷೆ ನಿಧಾನಿ, ರಕ್ತಹೀನತೆ ಇದ್ದರೂ ಏರುತ್ತದೆ.

ಮೂರನೆಯ ಸ್ಯಾಂಪಲ್ ಕೆಡುವುದು ಹೆಚ್ಚು. ರಾತ್ರಿ ಹನ್ನೊಂದಕ್ಕೆ ಕೊನೆಯ ಹಂತಿಯಲ್ಲಿ (ಪಂಕ್ತಿಯಲ್ಲಿ) ಉಂಡವರು ಬೆಳಿಗ್ಗೆ ಏಳಕ್ಕೆ ಬಂದರೆ ಎಂಟೇ ಗಂಟೆಯ ಉಪವಾಸ. ಟ್ರೈಗ್ಲಿಸರೈಡಿಗೆ 10–12 ಗಂಟೆ ಬೇಕು, ಹಾಗಾಗಿ ಬೆಳಿಗ್ಗೆ ಹತ್ತರ ನಂತರವೇ ಬರಹೇಳುವುದು. ಸೀರಮ್ ಹಾಲಿನಂತೆ ಬೆಳ್ಳಗಿದ್ದರೆ ಬೆಳಕಿನ ಚದುರುವಿಕೆಯಿಂದ ಅಳೆಯುವ ಸಿಆರ್‌ಪಿ ಕೂಡ ತಪ್ಪಬಹುದು, ಆ ಸ್ಯಾಂಪಲ್ ಬಿಟ್ಟು ಮರುದಿನ ಪುನಃ ತೆಗೆಯುವುದೇ ಸರಿ. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿ.ಗ್ರಾಂ. ದಾಟಿದರೆ ಲೆಕ್ಕ ಹಾಕಿ ಕೊಟ್ಟ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಹಿಡಿಯಬಾರದು.

ಸಿಆರ್‌ಪಿ ನಿಜವಾಗಿ ಜಿಗಿದಿದ್ದರೆ ಊಟವನ್ನು ದೂರುವ ಮೊದಲು ಕೇಳಬೇಕಾದದ್ದಿದೆ. ಜನಜಂಗುಳಿಯಲ್ಲಿ ಶೀತ ಹತ್ತಿತೇ? ಬಾವಿ ನೀರು ಬದಲಾಗಿ ಹೊಟ್ಟೆ ಕೆಟ್ಟಿತೇ? ಎಲೆಯಡಿಕೆ, ಹೊಗೆಸೊಪ್ಪು ಹಾಕುವವರ ಒಸಡು ಹೇಗಿದೆ? ಒಸಡಿನ ರೋಗವೊಂದೇ ಸಿಆರ್‌ಪಿಯನ್ನು ತಿಂಗಳುಗಟ್ಟಲೆ ಮೇಲಿಡಬಲ್ಲದು. ಹಿಂದಿನ ದಿನ ಚಪ್ಪರ ಕಟ್ಟಿದವರು, ಮೂರು ಹಂತಿ ಬಡಿಸಿದವರು, ಅಡಿಕೆ ಕೊಯ್ದವರು ಬಳಲಿದ ಸ್ನಾಯುಗಳಿಂದಲೇ ಏರಿಸಿಕೊಂಡಿರುತ್ತಾರೆ. ಅವರಿಗೆ ಎರಡು ದಿನ ವಿಶ್ರಾಂತಿಯ ನಂತರ ಪರೀಕ್ಷೆ. ಲಸಿಕೆ ಮತ್ತು ಈಸ್ಟ್ರೋಜೆನ್ ಮಾತ್ರೆ ಏರಿಸುತ್ತವೆ, ಕೊಲೆಸ್ಟರಾಲಿನ ಮಾತ್ರೆಯಾದ ಸ್ಟಾಟಿನ್ ಇಳಿಸುತ್ತದೆ.

ಊಟದ ನಂತರದ ಗಂಟೆಗಳನ್ನೇ ನೋಡಬೇಕೆಂದಿದ್ದರೆ ಕೊಬ್ಬಿನ ಪರೀಕ್ಷೆ ಇದೆ: 75 ಗ್ರಾಂ ಕೊಬ್ಬು, 25 ಗ್ರಾಂ ಪಿಷ್ಟ, 10 ಗ್ರಾಂ ಪ್ರೋಟೀನ್ ಕೊಟ್ಟು ನಾಲ್ಕನೇ ಗಂಟೆಗೆ ಟ್ರೈಗ್ಲಿಸರೈಡ್. 220 ದಾಟಿದರೆ ಒಳ್ಳೆಯದಲ್ಲ. ಆದರೆ 75 ಗ್ರಾಂ ತುಪ್ಪ ಒಂದು ಸಣ್ಣ ಬಟ್ಟಲು ಅನ್ನದಲ್ಲಿ ಇಳಿಯುವುದಿಲ್ಲ, ಓಕರಿಕೆ ಬರುತ್ತದೆ. 45 ಗ್ರಾಂಗೆ ಇಳಿಸಿದರೆ ಉಣ್ಣಬಹುದು, ಆಗ 220ರ ಗೆರೆ ಅನ್ವಯಿಸುವುದಿಲ್ಲ, ಅವರದೇ ಹಿಂದಿನ ಸಂಖ್ಯೆಯೊಂದಿಗೆ ಮಾತ್ರ ಹೋಲಿಕೆ. ತುಪ್ಪದ ಬದಲು ಕಾಯಿಹಾಲು ಕೊಡಬೇಡಿ. ತೆಂಗಿನ ಕೊಬ್ಬಿನ ಮಧ್ಯಮ ಸರಪಳಿಯ ಭಾಗ ಕೈಲೋಮೈಕ್ರಾನ್ ಆಗದೆ ನೇರ ಲಿವರಿಗೆ ಹೋಗುವುದರಿಂದ ಸಂಖ್ಯೆ ಕಡಿಮೆ ಕಾಣುತ್ತದೆ. ಹಿಂದಿನ ಸಂಜೆ ಒಂದು ತಾಸು ಬಿರುಸಾಗಿ ನಡೆದಿದ್ದರೂ ಸಂಖ್ಯೆ ಇಳಿಯುತ್ತದೆ. ಪರೀಕ್ಷೆಗೆ ಇದು ತೊಡಕು, ಮರುದಿನ ಜೆಂಬರ ಇರುವವರಿಗೆ ಇದೇ ನಾನು ಕೊಡುವ ಮೊದಲ ಸಲಹೆ. ಎರಡನೆಯದು, ಮಧ್ಯಾಹ್ನ ಎಲೆಯೂಟವಾದರೆ ರಾತ್ರಿ ಗಂಜಿ, ಮಜ್ಜಿಗೆ, ಉಪ್ಪಿನಕಾಯಿ.

ಖಾಲಿ ಹೊಟ್ಟೆಯಲ್ಲೇ ಟ್ರೈಗ್ಲಿಸರೈಡ್ 500 ದಾಟಿದವರಿಗೆ, ಪಿತ್ತಕೋಶದಲ್ಲಿ ಕಲ್ಲಿರುವವರಿಗೆ, ಹಿಂದೆ ಮೇದೋಜ್ಜೀರಕದ ಉರಿಯೂತ ಬಂದವರಿಗೆ ಈ ಪರೀಕ್ಷೆಯೂ ಬೇಡ, ಆ ಊಟವೂ ಬೇಡ. ಅಂಥವರಿಗೆ ಊಟದ ರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹಾಯುವ ನೋವು, ನಿಲ್ಲದ ವಾಂತಿ ಬಂದರೆ ಗ್ಯಾಸೆಂದು ಓಮದ ನೀರು ಕುಡಿಸಿ ಬೆಳಗಾಗಲು ಕಾಯಬಾರದು. ಮೇದೋಜ್ಜೀರಕದ ಕಿಣ್ವವಾದ ಲೈಪೇಸ್ ನೋಡಬಲ್ಲ ಆಸ್ಪತ್ರೆಗೆ ಅದೇ ರಾತ್ರಿ ಹೊರಡಬೇಕು.