ಎರಚಲಿಗೆ ಹೆದರದ ಚಪ್ಪಲಿ ಸ್ಟ್ಯಾಂಡ್

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಬದಿಯ ಹಳ್ಳಿಯೊಂದರಲ್ಲಿದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ತನಕ ಜಗಲಿಯ ಮೆಟ್ಟಿಲು ಒಣಗುವುದಿಲ್ಲ. ನಾವು ಐದು ಜನ. ತೋಟಕ್ಕೆ ಹೋಗುವ ಗಮ್‌ಬೂಟು ಎರಡು ಜೊತೆ, ಎಲ್ಲರ ಹವಾಯಿ ಚಪ್ಪಲಿ, ಮಗಳ ಶಾಲೆಯ ಬೂಟು, ಪೇಟೆಗೆ ಹಾಕಿಕೊಳ್ಳುವ ಚರ್ಮದ ಚಪ್ಪಲಿ, ಇವುಗಳ ಮೇಲೆ ಬಂದುಹೋಗುವವರದು. ಹೊಸ್ತಿಲು ದಾಟಿ ಚಪ್ಪಲಿ ಒಳಗೆ ಬರಲು ಅಮ್ಮ ಒಪ್ಪುವುದಿಲ್ಲ. ಕೆಸರು, ಇಂಬಳಗಳ ಕಾಲದಲ್ಲಿ ಅದೇ ಸರಿ ಎಂದು ನನಗೂ ಅನಿಸುತ್ತದೆ. ಆದ್ದರಿಂದ ಚಪ್ಪಲಿ ಸ್ಟ್ಯಾಂಡ್ ಹೊರಗೇ ಇರಬೇಕು. ಸೂರಿನ ಅಡಿಯಲ್ಲಿದ್ದರೂ ಗಾಳಿ ಪಡುವಣದಿಂದ ಬೀಸಿದರೆ ಎರಚಲು ಗೋಡೆಯವರೆಗೂ ಬರುತ್ತದೆ.

ಮೊದಲು ಪೇಟೆಯಿಂದ ಒಂದು ಪ್ಲೈವುಡ್ ಸ್ಟ್ಯಾಂಡ್ ತಂದಿದ್ದೆವು. ಕಂದು ಬಣ್ಣದ ಹೊಳೆಯುವ ಹಾಳೆ ಅಂಟಿಸಿದ್ದು, ಮುಂದೆ ಎರಡು ಬಾಗಿಲು. ಆ ವರ್ಷದ ಆಗಸ್ಟ್‌ನಲ್ಲಿ ಕೆಳಗಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ನೆನೆದ ರಟ್ಟಿನಂತೆ ಒಳಗೆ ಹೋಯಿತು. ಪದರಗಳು ಒಂದೊಂದಾಗಿ ಬಿಟ್ಟುಕೊಂಡು ನಡುವೆ ಬಿಳಿ ಬೂಷ್ಟು ಬೆಳೆದಿತ್ತು. ಬಾಗಿಲು ಮುಚ್ಚಿದ್ದ ಕಾರಣ ಒಳಗಿದ್ದ ಚರ್ಮದ ಚಪ್ಪಲಿಗಳಿಗೂ ಬೂಷ್ಟು ಹಿಡಿದಿತ್ತು. ಅದು ಸಾಮಾನ್ಯ ದರ್ಜೆಯ ಪ್ಲೈವುಡ್ ಎಂದು ಆಮೇಲೆ ತಿಳಿಯಿತು. ಐಎಸ್ 303 ಎಂಬ ಭಾರತೀಯ ಮಾನಕದ ಗುರುತಿನ ಹಲಗೆಗಳಲ್ಲಿ ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ಎಂದು ಬರೆದದ್ದು ತೇವದ ಗಾಳಿಯನ್ನಷ್ಟೇ ತಾಳುತ್ತದೆ, ನಿಂತ ನೀರನ್ನಲ್ಲ. ನೀರು ತಾಗುವ ಕೆಲಸಕ್ಕೆ ಐಎಸ್ 710 ದರ್ಜೆಯ ಮರೀನ್ ಪ್ಲೈವುಡ್ ಬೇಕು. ಅದಕ್ಕೂ ಕೊಯ್ದ ಅಂಚುಗಳನ್ನು ಮುಚ್ಚದಿದ್ದರೆ ಅಪಾಯವೇ.

ಆ ಮಳೆಗಾಲದಲ್ಲಿ ಹೆಂಚು ಸರಿಪಡಿಸಲು ಮಾಡಿಗೆ ಹತ್ತಿದಾಗ ನನ್ನ ಕಣ್ಣು ಹೆಂಚು ಕೂರುವ ಮರದ ಪಟ್ಟಿಗಳಾದ ರೀಪುಗಳ ಮೇಲೆ ಬಿತ್ತು. ಅಜ್ಜನ ಕಾಲದ ರೀಪುಗಳು. ಪ್ರತಿ ವರ್ಷ ಹೆಂಚಿನ ಸಂದಿಯಿಂದ ನೀರು ಜಿನುಗಿ ನೆನೆಯುತ್ತವೆ. ಮಳೆ ಬಿಟ್ಟ ಅರ್ಧ ದಿನದಲ್ಲಿ ಒಣಗುತ್ತವೆ. ಅವುಗಳಿಗೆ ಬಣ್ಣವಿಲ್ಲ, ಪಾಲಿಶ್ ಇಲ್ಲ. ಮೇಲೂ ಕೆಳಗೂ ಗಾಳಿ ಆಡುತ್ತದೆ, ನೀರು ಎಲ್ಲಿಯೂ ನಿಲ್ಲುವುದಿಲ್ಲ. ಮರಕ್ಕೆ ನೆನೆಯುವುದರಿಂದ ಕೇಡಿಲ್ಲ, ನೆನೆದೇ ಇರುವುದರಿಂದ ಕೇಡು. ನನ್ನ ಸ್ಟ್ಯಾಂಡಿನ ಅಳತೆ, ಕಚ್ಚು (ಒಂದು ಮರಕ್ಕೆ ಇನ್ನೊಂದು ಕೂರಲು ಕೊರೆಯುವ ಗುಳಿ), ಸ್ಕ್ರೂ ಎಲ್ಲವೂ ಈ ಒಂದು ಮಾತಿನಿಂದ ಹುಟ್ಟಿದವು.

ಮರದ ವಿಚಾರದಲ್ಲಿ ನನಗೆ ಅನುಕೂಲವಿತ್ತು. ಹಿತ್ತಲಿನ ಒಂದು ಹಲಸಿನ ಮರ ಗಾಳಿಗೆ ಬಿದ್ದಿತ್ತು. ಅದನ್ನು ಒಂದಿಂಚು ಮತ್ತು ಎರಡಿಂಚಿನ ಹಲಗೆಗಳಾಗಿ ಕೊಯ್ಯಿಸಿ, ನಡುನಡುವೆ ಅಡ್ಡ ಕೋಲು ಇಟ್ಟು ಅಟ್ಟದಲ್ಲಿ ಪೇರಿಸಿ ಎರಡು ವರ್ಷ ಕಳೆದಿತ್ತು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಬಡಗಿಗಳ ಲೆಕ್ಕ. ಹಸಿ ಮರದಲ್ಲಿ ಮಾಡಿದರೆ ಕಚ್ಚುಗಳೆಲ್ಲ ಬೇಸಿಗೆಯಲ್ಲಿ ಸಡಿಲವಾಗುತ್ತವೆ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಚೆನ್ನಾಗಿಯೇ ಕುಗ್ಗುತ್ತದೆ. ವೀಣೆಗೂ ಮೃದಂಗಕ್ಕೂ ಆಗುವ ಮರವನ್ನು ಚಪ್ಪಲಿಗೆ ಬಳಸುವುದೇ ಎಂದು ಕೇಳಿದವರುಂಟು. ಹಲಸಿನ ಚೇಗಿಗೆ, ಅಂದರೆ ಕಾಂಡದ ನಡುವಿನ ಗಟ್ಟಿ ಮರಕ್ಕೆ, ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಕೈ ಉಪಕರಣಗಳಿಗೆ ಹಿತವಾಗಿ ಬಗ್ಗುತ್ತದೆ, ನಮ್ಮ ಅಟ್ಟದಲ್ಲಿ ಇತ್ತು. ಇಷ್ಟು ಕಾರಣಗಳು ನನಗೆ ಸಾಕಾಗಿದ್ದವು. ಹಲಸು ಸಿಗದಿದ್ದರೆ ಹಳೆಯ ಮನೆ ಕಳಚಿದ ಪಕಾಸು (ಮಾಡಿನ ಇಳಿಜಾರಿನ ಮರ), ರೀಪುಗಳೂ ಒಳ್ಳೆಯವೇ. ಕೀಸುವ ಮೊದಲು ಮುರಿದು ಉಳಿದ ಮೊಳೆಗಳನ್ನು ಹುಡುಕಿ ತೆಗೆಯಬೇಕು, ಇಲ್ಲದಿದ್ದರೆ ಕೀಸುಳಿಯ ಬಾಯಿ ಹೋಗುತ್ತದೆ.

ಕೀಸಲು ಶುರುಮಾಡಿದ ದಿನ ಜಗಲಿಯೆಲ್ಲ ಅರಿಶಿನ ಚೆಲ್ಲಿದ ಹಾಗಾಯಿತು. ಹೊಸದಾಗಿ ಕೀಸಿದ ಹಲಸು ಅಷ್ಟು ಹಳದಿ. ಸುರುಳಿ ಸುರುಳಿಯಾಗಿ ಬಂದ ಹೊಟ್ಟನ್ನು ಅಮ್ಮ ಬಚ್ಚಲೊಲೆಗೆ ಒಯ್ದರು, ನನ್ನ ಅಂಗೈಯ ಹಳದಿ ಎರಡು ದಿನ ಹೋಗಲಿಲ್ಲ. ದಿನ ಕಳೆದಂತೆ ಮರ ತಾನಾಗಿ ಜೇನಿನ ಬಣ್ಣಕ್ಕೆ, ಮತ್ತೆ ಕಂದಿಗೆ ತಿರುಗುತ್ತದೆ.

ಅಳತೆ ಹೀಗಿದೆ. ಉದ್ದ ಮೂರು ಅಡಿ. ಒಂದು ಅಂತಸ್ತಿಗೆ ನಾಲ್ಕು ಪಟ್ಟಿ, ಪ್ರತಿಯೊಂದೂ ಎರಡಿಂಚು ಅಗಲ, ಮುಕ್ಕಾಲು ಇಂಚು ದಪ್ಪ. ನಡುವೆ ಮುಕ್ಕಾಲು ಇಂಚಿನ ಸಂದು ಮೂರು. ಒಟ್ಟು ಅಗಲ ಹತ್ತೂಕಾಲು ಇಂಚು. ದೊಡ್ಡವರ ಬೂಟು ಒಂದಿಂಚು ಹೊರಗೆ ಚಾಚುತ್ತದೆ, ತೊಂದರೆ ಇಲ್ಲ. ಮೂರು ಅಂತಸ್ತು, ಅಂತಸ್ತಿಗೆ ನಾಲ್ಕು ಜೊತೆ. ಮೊದಲನೆಯ ಅಂತಸ್ತು ನೆಲದಿಂದ ಆರಿಂಚು ಮೇಲೆ, ಉಳಿದವು ಎಂಟೆಂಟು ಇಂಚಿನ ಅಂತರದಲ್ಲಿ. ಕಾಲುಗಳು ಎರಡಡಿ ಎತ್ತರ, ಎರಡಿಂಚು ಅಗಲ, ಒಂದೂವರೆ ಇಂಚು ದಪ್ಪ. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ನಡುವೆ ಒಂದೂವರೆ ಇಂಚು ಚೌಕದ ಅಡ್ಡಪಟ್ಟಿಗಳು, ಒಟ್ಟು ಆರು. ಕೀಸಿ ಮುಗಿದ ಮೇಲಿನ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಘನ ಅಡಿ ಮರ ಸಾಕಾಗುತ್ತದೆ. ಮಕ್ಕಳು ಹತ್ತಿ ನಿಲ್ಲುವ ಮನೆಯಾದರೆ ನಡುವೆ ಇನ್ನೊಂದು ಜೊತೆ ಕಾಲು, ಅಡ್ಡಪಟ್ಟಿ ಸೇರಿಸುವುದು ಒಳ್ಳೆಯದು.

ಆ ಆರಿಂಚು ನನಗೆ ಮುಖ್ಯ. ಪೊರಕೆ ಒಳಗೆ ಹೋಗಬೇಕು, ಬ್ಯಾಟರಿ ಬಿಟ್ಟರೆ ಗೋಡೆಯ ಬುಡ ಕಾಣಬೇಕು. ಮಳೆಗಾಲದಲ್ಲಿ ಬೆಚ್ಚಗಿನ ಮೂಲೆ ಹುಡುಕಿಕೊಂಡು ಕಪ್ಪೆ ಬರುತ್ತದೆ, ಕಪ್ಪೆಯ ಹಿಂದೆ ಹಾವು ಬರುತ್ತದೆ. ಬಾಗಿಲು ಇಡದಿದ್ದಕ್ಕೂ ಹಿಂಬದಿಗೆ ಹಲಗೆ ಹೊಡೆಯದಿದ್ದಕ್ಕೂ ಇದೇ ಕಾರಣ. ಹಾಗಿದ್ದರೂ ಬೂಟನ್ನು ಕೊಡವಿ ಹಾಕಿಕೊಳ್ಳುವ ಅಭ್ಯಾಸವನ್ನು ನಮ್ಮ ಮನೆಯಲ್ಲಿ ಯಾರೂ ಬಿಟ್ಟಿಲ್ಲ.

ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಕಾಲಿನ ಕಚ್ಚು. ಅಡ್ಡಪಟ್ಟಿ ಕೂರಲು ಕಾಲಿನ ಒಳಮುಖದಲ್ಲಿ ಅರ್ಧ ಇಂಚು ಆಳಕ್ಕೆ ಕಚ್ಚು ತೆಗೆಯಬೇಕು. ಊರಿನ ಹಿರಿಯ ಆಚಾರಿಯೊಬ್ಬರು ಒಂದು ಸಂಜೆ ಬಂದು ಕುಳಿತು ನನ್ನ ಮೊದಲ ಕಚ್ಚು ನೋಡಿದರು. ಬೆರಳನ್ನು ಒಳಗೆ ಆಡಿಸಿ, "ಇಲ್ಲಿ ನೀರು ಕೂತರೆ ಕಾಲು ಹೋಯಿತು ಅಂತ ಲೆಕ್ಕ" ಎಂದರು. ನಾನು ಪೆನ್ಸಿಲ್ ಗೆರೆ ಹಾಕಿ ಗರಗಸ ಆಡಿಸಿದ್ದೆ. ಗೆರೆಯ ದಪ್ಪದಷ್ಟೇ ಸಡಿಲವಾಗಿತ್ತು, ಅಷ್ಟರಲ್ಲಿ ನೀರು ಇಳಿಯುತ್ತದೆ. ಅವರು ಮೂಲೆಮಟ್ಟ ಒತ್ತಿ ಹಿಡಿದು ಚೂಪಾದ ಚಾಕುವಿನಿಂದ ಗೀರಿದರು. ಆ ಗೀರಿನ ಒಳಬದಿಗೆ ಗರಗಸ ಇಟ್ಟು, ನಡುವೆ ಮೂರು ನಾಲ್ಕು ಸೀಳು ಹಾಕಿ, ಉಳಿಯನ್ನು ಎರಡೂ ಬದಿಯಿಂದ ನಡುವಿನ ಕಡೆಗೆ ಹೊಡೆಯುತ್ತ ಬಂದರು. ಒಂದೇ ಬದಿಯಿಂದ ಹೊಡೆದರೆ ಆಚೆ ಅಂಚು ಸಿಗಿದು ಹೋಗುತ್ತದೆ. ಅಡ್ಡಪಟ್ಟಿಯನ್ನು ಕೊಡತಿಯಿಂದ ಮೆಲ್ಲಗೆ ಎರಡು ಪೆಟ್ಟು ಹಾಕಿದಾಗ ಅದು ಕೂತ ಸದ್ದೇ ಬೇರೆ. ಉಳಿದ ಹನ್ನೊಂದು ಕಚ್ಚುಗಳನ್ನು ನಾನೇ ಹಾಗೆ ತೆಗೆದೆ, ಮೂರು ಸಂಜೆ ಬೇಕಾಯಿತು. ಕಚ್ಚುಗಳನ್ನು ಸ್ವಲ್ಪ ಓರೆಯಾಗಿ ಗೀರಿದೆ. ಹಿಂದಿನ ತುದಿ ಮುಂದಿನದಕ್ಕಿಂತ ಅರ್ಧ ಇಂಚು ಮೇಲಿರಬೇಕು. ಚಪ್ಪಲಿ ಜಾರುವಷ್ಟು ಇಳಿಜಾರು ಅಲ್ಲ, ನೀರು ಮುಂದಕ್ಕೆ ಹರಿಯುವಷ್ಟು ಮಾತ್ರ.

ಕಚ್ಚು ಕೂರಿಸಿದ ಮೇಲೆ ಪ್ರತಿಯೊಂದಕ್ಕೂ ಕಾಲಿಂಚು ದಪ್ಪದ ಮೂರಿಂಚಿನ ಬೋಲ್ಟು, ವಾಷರ್, ನಟ್ಟು ಹಾಕಿದೆ. ಅಂಟು ಬಳಸಲಿಲ್ಲ, ಮುಂದೆ ಕಳಚಲು ಬರಬೇಕು ಎಂಬುದು ಉದ್ದೇಶ. ಬೋಲ್ಟು, ಸ್ಕ್ರೂ ಎಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. ಮಾಮೂಲಿ ಕಬ್ಬಿಣದವು ಅಗ್ಗ, ಆದರೆ ನಮ್ಮಲ್ಲಿ ಒಂದೇ ಮಳೆಗಾಲಕ್ಕೆ ತಲೆ ತುಕ್ಕು ಹಿಡಿದು ತಿರುಪಲು ಬರದಂತಾಗುತ್ತವೆ, ಸುತ್ತಲಿನ ಮರವೂ ಕಪ್ಪಾಗುತ್ತದೆ.

ಪಟ್ಟಿಗಳನ್ನು ಮೇಲಿನಿಂದ ಸ್ಕ್ರೂ ಹಾಕಿ ಬಿಗಿಯುವುದು ಸುಲಭ. ಆದರೆ ಸ್ಕ್ರೂವಿನ ತಲೆ ಕೂತ ಪ್ರತಿಯೊಂದು ಗುಳಿಯೂ ಒಂದು ಪುಟ್ಟ ಬಟ್ಟಲು, ನೀರು ಅಲ್ಲಿ ನಿಂತು ಒಳಗೆ ಇಳಿಯುತ್ತದೆ. ಆದ್ದರಿಂದ ಅಡ್ಡಪಟ್ಟಿಯ ಕೆಳಗಿನಿಂದ ಎರಡಿಂಚಿನ ಸ್ಕ್ರೂ ಏರಿಸಿದೆ. ಒಂದೂವರೆ ಇಂಚು ಅಡ್ಡಪಟ್ಟಿಯನ್ನು ದಾಟಿ ಅರ್ಧ ಇಂಚು ಪಟ್ಟಿಯೊಳಗೆ ಹೋಗುತ್ತದೆ, ಮೇಲೆ ಕಾಲಿಂಚು ಮರ ತೂತಿಲ್ಲದೆ ಉಳಿಯುತ್ತದೆ. ಮೊದಲು ಮೂರು ಮಿಲಿಮೀಟರಿನ ಡ್ರಿಲ್‌ನಿಂದ ದಾರಿ ಮಾಡಿಕೊಳ್ಳಬೇಕು. ಡ್ರಿಲ್ ಮುಳ್ಳಿಗೆ ಆಳದ ಗುರುತಾಗಿ ಒಂದು ತುಂಡು ಟೇಪು ಸುತ್ತಿದ್ದೆ. ಪಟ್ಟಿಯ ತುದಿಗೆ ಎರಡರಂತೆ ಒಟ್ಟು 48 ಸ್ಕ್ರೂ. ಒಂದು ಪಟ್ಟಿಗೆ ತೂತು ಮಾಡುವುದನ್ನು ಮರೆತು ನೇರವಾಗಿ ಸ್ಕ್ರೂ ಏರಿಸಿದೆ, ತುದಿ ಎಳೆಯ ಉದ್ದಕ್ಕೆ ಸೀಳಿ ಎರಡಾಯಿತು. ಇನ್ನೊಂದು ಪಟ್ಟಿ ಕೀಸಬೇಕಾಯಿತು.

ಎಲ್ಲ ಬಿಗಿದು ನಿಲ್ಲಿಸಿ ಬದಿಯಿಂದ ತಳ್ಳಿ ನೋಡಿದಾಗ ಇಡೀ ಸ್ಟ್ಯಾಂಡ್ ಉದ್ದಕ್ಕೆ ಓಲಾಡಿತು. ಮುಂದಿನಿಂದ ಹಿಂದಕ್ಕೆ ಗಟ್ಟಿಯಾಗಿಯೇ ಇತ್ತು. ನಾಲ್ಕು ಮೂಲೆಯ ಚೌಕಟ್ಟು ಎಷ್ಟು ಬಿಗಿದರೂ ವಾಲುತ್ತದೆ, ಒಂದು ಓರೆಪಟ್ಟಿ ಹೊಡೆದು ತ್ರಿಕೋನ ಮಾಡಿದರೆ ಅಲುಗುವುದಿಲ್ಲ. ಹಿಂಬದಿಯಲ್ಲಿ ಎಡಗಾಲಿನ ಬುಡದಿಂದ ಬಲಗಾಲಿನ ತಲೆಗೆ ಒಂದು ರೀಪು ಹೊಡೆದ ಮೇಲೆ ಸ್ಟ್ಯಾಂಡ್ ಕಲ್ಲಿನಂತೆ ನಿಂತಿತು.

ಗಮ್‌ಬೂಟಿಗೆ ಎಡಬದಿಯ ಹೊರಗೆ ಬೇರೆ ಏರ್ಪಾಡು ಮಾಡಿದೆ. ಆರಿಂಚು ಎತ್ತರದಲ್ಲಿ ಒಂದು ದಪ್ಪ ಹಲಗೆ, ಅದರ ಮೇಲೆ ನಾಲ್ಕು ಉದ್ದ ಗೂಟ. ಬೂಟನ್ನು ತಲೆಕೆಳಗಾಗಿ ಗೂಟಕ್ಕೆ ಸಿಕ್ಕಿಸಿದರೆ ಒಳಗಿನ ನೀರು ಇಳಿದುಹೋಗುತ್ತದೆ, ಬೆಳಿಗ್ಗೆ ಕಾಲು ಹಾಕುವಾಗ ತಣ್ಣನೆಯ ನೀರು ಸಿಗುವುದಿಲ್ಲ, ಒಳಗೆ ಯಾವ ಜೀವಿಯೂ ಮನೆ ಮಾಡುವುದಿಲ್ಲ. ಮೊದಲು ಗೂಟಗಳನ್ನು ಮೇಲಿನ ಅಂತಸ್ತಿನಲ್ಲಿಡಬೇಕೆಂದಿದ್ದೆ. ಕೆಸರು ನೀರು ಕೆಳಗಿನ ಚಪ್ಪಲಿಗಳ ಮೇಲೆ ತೊಟ್ಟಿಕ್ಕುತ್ತದೆ ಎಂದು ಹೆಂಡತಿ ತಡೆದದ್ದು ಒಳ್ಳೆಯದಾಯಿತು. ಇಡೀ ಸ್ಟ್ಯಾಂಡಿನಲ್ಲಿ ನನಗೆ ಬಹಳ ಇಷ್ಟವಾದ ಭಾಗ ಈ ಗೂಟಗಳೇ.

ಮರ ನೀರು ಕುಡಿಯುವುದು ಹೆಚ್ಚಾಗಿ ಅಡ್ಡ ಕೊಯ್ದ ತುದಿಯಿಂದ. ಕಾಲುಗಳ ಬುಡ ಅಂತಹ ತುದಿ, ಅದೂ ಒದ್ದೆ ನೆಲದ ಮೇಲೆ. ಹಾಗಾಗಿ ಕರಾವಳಿಯಲ್ಲಿ ದೋಣಿಗಳಿಗೆ ಬಳಿಯುವ ಗೇರೆಣ್ಣೆ ತರಿಸಿದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು, ಮಂದ ಎಣ್ಣೆ ಅದು. ಡಬ್ಬದ ಮುಚ್ಚಳಗಳಲ್ಲಿ ಸುರಿದು ನಾಲ್ಕೂ ಕಾಲುಗಳನ್ನು ಒಂದು ರಾತ್ರಿ ಅದರಲ್ಲಿ ನಿಲ್ಲಿಸಿದೆ. ಕೈಗವಸು ಹಾಕಿದ್ದರೂ ಮಣಿಕಟ್ಟಿಗೆ ಒಂದು ಹನಿ ತಾಗಿ, ಮರುದಿನ ಗುಳ್ಳೆ ಎದ್ದು, ವಾಸಿಯಾಗಲು ಹತ್ತು ದಿನ ಹಿಡಿಯಿತು. ಗೇರೆಣ್ಣೆ ಮುಟ್ಟುವವರು ಮೊಣಕೈವರೆಗೆ ಮುಚ್ಚಿಕೊಳ್ಳಬೇಕು, ಮಕ್ಕಳನ್ನು ದೂರ ಇಡಬೇಕು. ಅದು ಬಹಳ ದಿನ ಅಂಟಂಟಾಗಿರುವುದರಿಂದ ಪಟ್ಟಿಗಳಿಗೆ ಬಳಿಯಲಿಲ್ಲ. ಕಾಲಿನ ಅಡಿಗೆ ಗ್ರಾನೈಟಿನ ತುಂಡುಗಳನ್ನು ಇಟ್ಟೆ. ಅಂಗಳದಲ್ಲಿ ಜಂಬಿಟ್ಟಿಗೆ ಕಲ್ಲು ಬೇಕಾದಷ್ಟಿತ್ತು, ಆದರೆ ಅದು ನೀರು ಹೀರಿ ಹಿಡಿದುಕೊಳ್ಳುವ ಕಲ್ಲು.

ಉಳಿದ ಮರಕ್ಕೆಲ್ಲ ಕುದಿಸಿದ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ತೆಳುವಾಗಿ ಮೂರು ಸಲ ಒರೆಸಿದೆ. ಫೆಬ್ರವರಿಯ ಒಣ ಹವೆಯಲ್ಲಿ, ಒಂದೊಂದು ಸಲದ ನಡುವೆ ಎರಡು ಮೂರು ದಿನ ಬಿಟ್ಟು. ವಾರ್ನಿಷ್ ಬೇಡವೆಂದು ನಿರ್ಧರಿಸಿದ್ದೆ, ಜಗಲಿಯ ಬೆಂಚಿನಲ್ಲಿ ಅದರ ಪಾಡು ನೋಡಿದ್ದೇನೆ. ಎಲ್ಲೋ ಒಂದು ಕಡೆ ಬಿರಿಯುತ್ತದೆ, ಒಳಗೆ ಹೋದ ನೀರು ಹೊರಬರಲಾರದೆ ಪದರವನ್ನೇ ಎಬ್ಬಿಸುತ್ತದೆ. ಒಂದು ಎಚ್ಚರಿಕೆ ಹೇಳಲೇಬೇಕು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಬಯಲಿನಲ್ಲಿ ಹರವಿ ಒಣಗಿಸಬೇಕು, ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಮೂರು ಮಳೆಗಾಲ ಕಳೆದಿವೆ. ಜುಲೈನಲ್ಲಿ ಪಟ್ಟಿಗಳ ಮೇಲೆ ತೆಳ್ಳಗೆ ಕಪ್ಪು ಬೂಷ್ಟು ಕಾಣಿಸುತ್ತದೆ, ಎಣ್ಣೆ ಹಚ್ಚಿದ ಮರಕ್ಕೆ ನಮ್ಮ ಹವೆಯಲ್ಲಿ ಅದು ತಪ್ಪಿದ್ದಲ್ಲ. ದೀಪಾವಳಿಯ ಹೊತ್ತಿಗೆ ತೆಂಗಿನ ನಾರಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿ, ಒಂದು ಕೈ ಎಣ್ಣೆ ಒರೆಸಿದರೆ ಮತ್ತೆ ಮೊದಲಿನಂತಾಗುತ್ತದೆ. ಈ ವರ್ಷ ಹಾಗೆ ಮಗುಚಿ ಹಾಕಿ ನೋಡಿದಾಗ ಕಾಲುಗಳ ಬುಡದಲ್ಲಿ ಉಗುರು ಊರಲಿಲ್ಲ. ಆದರೆ ನಡುವಿನ ಅಂತಸ್ತಿನ ಒಂದು ಪಟ್ಟಿಯ ಕೆಳಗೆ ರಾಗಿಹಿಟ್ಟಿನಷ್ಟು ನುಣ್ಣಗಿನ ಪುಡಿ ಅಂಟಿಕೊಂಡಿತ್ತು. ಕುಟ್ಟೆ ಹುಳು. ಆ ಪಟ್ಟಿ ಕೊಯ್ಯುವಾಗ ಒಂದು ಅಂಚಿನಲ್ಲಿ ಬೆರಳಿನಷ್ಟು ಬಿಳಿ ಮರ ಉಳಿದಿತ್ತು. ಬೆಲೆಬಾಳುವ ಮರ, ಏಕೆ ಎಸೆಯಬೇಕು ಎಂದು ಬಿಟ್ಟಿದ್ದೆ. ಹುಳು ಆ ಬಿಳಿ ಭಾಗವನ್ನು ಮಾತ್ರ ತಿಂದು, ಹಳದಿ ಚೇಗು ಶುರುವಾದ ಗೆರೆಯಲ್ಲೇ ನಿಂತಿತ್ತು. ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಪಟ್ಟಿ ಕೈಗೆ ಬಂತು. ಅಟ್ಟದಿಂದ ಚೇಗಿನ ತುಂಡೊಂದನ್ನು ಇಳಿಸಿ, ಕೀಸಿ, ಅದೇ ತೂತುಗಳಿಗೆ ಸರಿಯಾಗಿ ಕೂರಿಸಿದೆ. ಉಳಿದ ಕಂದು ಪಟ್ಟಿಗಳ ನಡುವೆ ಅದೊಂದು ಮಾತ್ರ ಈಗ ಅರಿಶಿನದಂತೆ ಹೊಳೆಯುತ್ತಿದೆ.