ಅಮೆರಿಕದಲ್ಲಿ ಮೊದಲ ನೌಕರಿಯ ಕರಾರಿಗೆ ಸಹಿ ಹಾಕುವ ಕಲಬುರಗಿ ಸೀಮೆಯ ವೈದ್ಯರಿಗೆ

ಕಲಬುರಗಿ, ಬೀದರ್, ಯಾದಗಿರಿಗಳಿಂದ ಬಂದು ಇಲ್ಲಿ ರೆಸಿಡೆನ್ಸಿ (ಆಸ್ಪತ್ರೆಯಲ್ಲಿನ ತಜ್ಞ ತರಬೇತಿ) ಮುಗಿಸುವವರಿಗೆ ಲೈಸೆನ್ಸು, ಬೋರ್ಡ್ ಪರೀಕ್ಷೆ, ವೀಸಾಗಳ ಬಗ್ಗೆ ಹೇಳಿಕೊಡಬೇಕಾದುದು ಏನೂ ಇಲ್ಲ. ಆದರೆ ಮೊದಲ ನೌಕರಿಯ ಕರಾರು ಕೈಗೆ ಬಂದಾಗ ಎಲ್ಲರೂ ಸಂಬಳದ ಪುಟವನ್ನು ಎರಡೆರಡು ಸಲ ಓದುತ್ತಾರೆ, ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ರೋಗಿ ಹೂಡುವ ದಾವೆಯಿಂದ ರಕ್ಷಿಸುವ ಮಾಲ್‌ಪ್ರಾಕ್ಟಿಸ್ ವಿಮೆಯ ಪುಟವನ್ನು ಹಾಗೆಯೇ ಮಗುಚಿ ಹಾಕುತ್ತಾರೆ.

ತರಬೇತಿಯ ಕಾಲದಲ್ಲಿ ವಿಮೆಯನ್ನು ಆಸ್ಪತ್ರೆಯೇ ನೋಡಿಕೊಳ್ಳುತ್ತದೆ. ಆಮೇಲೆ ಎರಡು ಬಗೆಯ ಪಾಲಿಸಿಗಳು ಎದುರಾಗುತ್ತವೆ. ಅಕರೆನ್ಸ್ ಪಾಲಿಸಿಯಲ್ಲಿ ಚಿಕಿತ್ಸೆ ನಡೆದ ದಿನ ವಿಮೆಯಿದ್ದರೆ ಸಾಕು, ದಾವೆ ಯಾವಾಗ ಬಂದರೂ ರಕ್ಷಣೆಯಿರುತ್ತದೆ. ಕ್ಲೇಮ್ಸ್-ಮೇಡ್ ಪಾಲಿಸಿಯಾದರೆ ದಾವೆ ಬಂದ ದಿನವೂ ಅದು ಚಾಲ್ತಿಯಲ್ಲಿರಬೇಕು. ಮೊದಲ ವರ್ಷ ಇದರ ಪ್ರೀಮಿಯಂ ಕಡಿಮೆಯಿರುವುದರಿಂದ ಅಗ್ಗವೆನಿಸುತ್ತದೆ. ಆದರೆ ನೌಕರಿ ಬಿಟ್ಟೊಡನೆ ಪಾಲಿಸಿ ನಿಂತುಹೋಗಿ, ಅದುವರೆಗೆ ನೋಡಿದ ಪ್ರತಿಯೊಬ್ಬ ರೋಗಿಯ ವಿಷಯದಲ್ಲೂ ನೀವು ಬರಿಗೈಯಲ್ಲಿ ನಿಲ್ಲುತ್ತೀರಿ. ಅದಕ್ಕೆ ಟೇಲ್ ಕವರೇಜ್, ಅಂದರೆ ಹಳೆಯ ಚಿಕಿತ್ಸೆಗಳ ಮೇಲೆ ಮುಂದೆ ಬರುವ ದಾವೆಗಳಿಗೆ ರಕ್ಷಣೆ, ಕೊಳ್ಳಬೇಕು; ಅದರ ಬೆಲೆ ಸಾಮಾನ್ಯವಾಗಿ ವಾರ್ಷಿಕ ಪ್ರೀಮಿಯಂನ ಒಂದೂವರೆಯಿಂದ ಎರಡು ಪಟ್ಟು.

ಬೀದರ್ ಕಡೆಯ ಹೆರಿಗೆ ತಜ್ಞೆಯೊಬ್ಬರು ಜೆ-1 ವೇವರ್ (ತರಬೇತಿ ಮುಗಿದ ಮೇಲೆ ಸ್ವದೇಶಕ್ಕೆ ಮರಳಬೇಕೆಂಬ ಜೆ-1 ವೀಸಾದ ಷರತ್ತಿನಿಂದ ವಿನಾಯಿತಿ) ಪಡೆದು, ವೈದ್ಯರ ಕೊರತೆಯಿದ್ದ ಸಣ್ಣ ಊರಿನಲ್ಲಿ ಕಡ್ಡಾಯದ ಮೂರು ವರ್ಷ ದುಡಿದು, ಗಂಡನಿದ್ದ ರಾಜ್ಯಕ್ಕೆ ಹೊರಟು ಸಾಮಾನು ಕಟ್ಟಿದ ವಾರದಲ್ಲೇ ಟೇಲ್‌ನ ಬಿಲ್ಲು ಬಂತು. ವೈದ್ಯರು ತಾವಾಗಿ ನೌಕರಿ ಬಿಟ್ಟರೆ ಟೇಲ್ ಅವರದೇ ಹೊಣೆ ಎಂಬ ಒಂದು ಸಾಲು ಕರಾರಿನಲ್ಲಿತ್ತು; ಮನೆ ಕೊಳ್ಳಲು ಕೂಡಿಟ್ಟ ಹಣವೆಲ್ಲ ಅದಕ್ಕೇ ಹೋಯಿತು.

ಊರಿನ ಹಿರಿಯ ಡಾಕ್ಟರರನ್ನು ಕೇಳಿದರೆ ಇದು ತಿಳಿಯುವುದಿಲ್ಲ. 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಣ ಪಡೆದು ನೀಡುವ ಚಿಕಿತ್ಸೆ ನಮ್ಮಲ್ಲೂ ಗ್ರಾಹಕ ಕಾನೂನಿನಡಿ ಬಂದಿದೆಯಾದರೂ, ಸೇಡಂ ರಸ್ತೆಯಲ್ಲಿ ದವಾಖಾನೆ ತೆರೆದವರು ಅಲ್ಲಿಯೇ ನೆಲೆನಿಂತು ಅದೇ ಪಾಲಿಸಿಯನ್ನು ನವೀಕರಿಸುತ್ತಾ ಹೋಗುವುದರಿಂದ ಬಿಟ್ಟು ಹೋಗುವ ಪ್ರಶ್ನೆಯೇ ಅವರಿಗೆ ಏಳುವುದಿಲ್ಲ. ಈ ವಿಷಯದಲ್ಲಿ ಬ್ರಿಟನ್ನಿನ ವ್ಯವಸ್ಥೆಯೇ ಮೇಲು ಎಂದು ನಾನು ದೃಢವಾಗಿ ನಂಬಿದ್ದೇನೆ: ಅಲ್ಲಿ 1990ರಿಂದ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯ ಕೆಲಸಕ್ಕೆ ಸಂಬಂಧಿಸಿದ ಪರಿಹಾರದ ಹೊಣೆಯನ್ನು ಎನ್‌ಎಚ್‌ಎಸ್ಸೇ ಹೊರುತ್ತದೆ, ಊರು ಬದಲಿಸಿದ ವೈದ್ಯರಿಗೆ ಯಾರೂ ಬಿಲ್ಲು ಕಳಿಸುವುದಿಲ್ಲ.

ವೇವರ್ ನೌಕರಿಯಲ್ಲಿ ಚೌಕಾಶಿಗೆ ಅವಕಾಶವಿಲ್ಲವೆಂದು ಸುಮ್ಮನಾಗಬೇಡಿ. ಮೂರು ವರ್ಷ ಪೂರೈಸಿದರೆ ಟೇಲ್‌ನ ಹಣವನ್ನು ಸಂಸ್ಥೆಯೇ ಕಟ್ಟಬೇಕೆಂದು ಸಹಿಗೆ ಮುಂಚೆಯೇ ಬರೆಯಿಸಿಕೊಳ್ಳಿ. ಅದಾಗದಿದ್ದರೆ, ಮುಂದಿನ ನೌಕರಿ ಕೊಡುವವರ ಪಾಲಿಸಿಯಲ್ಲಿ ಹಳೆಯ ಕೆಲಸವೂ ಸೇರುವುದೇ ಎಂದು ಕೇಳಿ. ಹಲವು ರಾಜ್ಯಗಳಲ್ಲಿ ಮಕ್ಕಳ ಪರವಾಗಿ ದಾವೆ ಹೂಡುವ ಕಾಲಮಿತಿ ದೊಡ್ಡವರದಕ್ಕಿಂತ ದೀರ್ಘವಾಗಿರುವುದರಿಂದ, ಹೆರಿಗೆ ತಜ್ಞರು ಮತ್ತು ಮಕ್ಕಳ ತಜ್ಞರು ಒಂದೆರಡು ವರ್ಷಗಳ ಟೇಲ್‌ಗೆ ಒಪ್ಪದೆ, ಅವಧಿಯ ಮಿತಿಯಿಲ್ಲದ ಟೇಲ್ ಅನ್ನೇ ಕೇಳಬೇಕು.