ಮೊಮ್ಮಕ್ಕಳು ಬಂದಾಗಲೇ ಮಳೆ ಹಿಡಿದರೆ: ದೋರ್ದೋನ್ ಹಳ್ಳಿಗಳಿಗೆ ಹೊಸದಾಗಿ ಬಂದ ಅಜ್ಜಿ-ತಾತಂದಿರಿಗೆ

ಫ್ರಾನ್ಸ್‌ನ ಈ ದೋರ್ದೋನ್ ಜಿಲ್ಲೆಯ ಹಳ್ಳಿಯಲ್ಲಿ ಹೊಸದಾಗಿ ಮನೆ ಮಾಡಿದ ಕನ್ನಡದವರು ಬೇಸಿಗೆಯಲ್ಲಿ ಏನೂ ಕೇಳುವುದಿಲ್ಲ. ನದಿ ಇದೆ, ತೋಟ ಇದೆ, ರಾತ್ರಿ ಒಂಬತ್ತರವರೆಗೂ ಬೆಳಕಿದೆ. ಅಕ್ಟೋಬರ್ ಬಂತೆಂದರೆ ಫೋನ್ ಶುರುವಾಗುತ್ತದೆ. ಲಂಡನ್‌ನಿಂದ ಮಗಳು ಮಕ್ಕಳನ್ನು ಕರೆತರುತ್ತಿದ್ದಾಳೆ, ವಾರಪೂರ್ತಿ ಮಳೆ ಅಂತೆ, ನಾಲ್ಕು ವರ್ಷದವನನ್ನೂ ಏಳು ವರ್ಷದವಳನ್ನೂ ಮನೆಯೊಳಗೆ ಹೇಗೆ ಇಟ್ಟುಕೊಳ್ಳೋದು? ಅಲ್ಲಿಯ ಶಾಲೆಗಳ ರಜೆ ಬರುವುದೇ ಅಕ್ಟೋಬರ್ ಕೊನೆಗೆ ಮತ್ತು ಫೆಬ್ರವರಿಯಲ್ಲಿ. ಎರಡೂ ಇಲ್ಲಿ ಒದ್ದೆ ಕಾಲ.

ನಾನು ಎಲ್ಲರಿಗೂ ಹೇಳುವುದು ಒಂದೇ. ಇಲ್ಲಿ ಮಳೆಗಿಂತ ಹೆಚ್ಚು ಕಾಡುವುದು ಮುಚ್ಚಿದ ಬಾಗಿಲು. ಮಳೆಯಲ್ಲಿ ಮಕ್ಕಳನ್ನು ಕಾರಿಗೆ ಹತ್ತಿಸಿ ಇಪ್ಪತ್ತು ಕಿಲೋಮೀಟರ್ ಹೋದರೆ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊರಿಗೆ ಊರೇ ಊಟಕ್ಕೆ ಹೋಗಿರುತ್ತದೆ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಇನ್ನೂ ಕಷ್ಟ. ಆದ್ದರಿಂದ ಮಕ್ಕಳು ಬರುವ ಮೊದಲೇ ಒಂದು ಹಾಳೆ ತೆಗೆದುಕೊಂಡು ಯಾವ ದಿನ, ಯಾವ ಹೊತ್ತು, ಯಾವುದು ತೆರೆದಿರುತ್ತದೆ ಎಂದು ಬರೆದು ಅಡುಗೆಮನೆಯಲ್ಲಿ ಅಂಟಿಸಿಬಿಡಿ. ಹೊರಗಿನ ಕೆಲಸವನ್ನೆಲ್ಲ ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಸಂಜೆ ಐದೂವರೆಗೆ ಕತ್ತಲು.

ಆ ಹಾಳೆಯಲ್ಲಿ ಮೊದಲು ಬರೆಯಬೇಕಾದದ್ದು ಹತ್ತಿರದ ಮೆದಿಯಾತೆಕ್, ಅಂದರೆ ಸಾರ್ವಜನಿಕ ಗ್ರಂಥಾಲಯ. ಎಷ್ಟೋ ಪುಟ್ಟ ಊರಲ್ಲೂ ಒಂದು ಇರುತ್ತದೆ. ಒಳಗೆ ಹೋಗಿ ಕೂತು ಓದಲು ದುಡ್ಡು ಕೊಡಬೇಕಿಲ್ಲ, ಕಾರ್ಡೂ ಬೇಡ. ಬುಧವಾರ ಇಲ್ಲಿಯ ಬಹಳಷ್ಟು ಶಾಲೆಗಳಿಗೆ ರಜೆ, ಹಾಗಾಗಿ ಮಕ್ಕಳಿಗೆ ಕಥೆ ಹೇಳುವ ಹೊತ್ತು ಸಾಮಾನ್ಯವಾಗಿ ಬುಧವಾರವೇ ಇರುತ್ತದೆ. ಮಕ್ಕಳಿಗೆ ಫ್ರೆಂಚ್ ಬರುವುದಿಲ್ಲ ಎಂದು ಹಿಂಜರಿಯಬೇಡಿ. ಚಿತ್ರ ನೋಡುತ್ತಾ ನೀವೇ ಕಿವಿಯ ಹತ್ತಿರ ಕನ್ನಡದಲ್ಲಿ ಹೇಳಿದರೆ ಸಾಕು, ಯಾರೂ ಏನೂ ಅನ್ನುವುದಿಲ್ಲ. ಆಟಿಕೆಗಳನ್ನು ಎರವಲು ಕೊಡುವ ಲ್ಯುದೊತೆಕ್ ಹತ್ತಿರ ಇದೆಯೇ ಎಂದು ಮೇರಿಯಲ್ಲಿ, ಅಂದರೆ ಊರಿನ ಆಡಳಿತ ಕಚೇರಿಯಲ್ಲಿ ಕೇಳಿ. ಇಲ್ಲದಿದ್ದರೆ ಬಳಸಿದ ಸಾಮಾನು ಮಾರುವ ಎಮ್ಮಾವುಸ್ ಅಂಗಡಿಗೆ ಹೋಗಿ. ಹಳೆಯ ಒಗಟು-ಚಿತ್ರ, ಮರದ ರೈಲು, ಬೋರ್ಡ್ ಆಟ ತುಂಬ ಕಡಿಮೆ ಬೆಲೆಗೆ ಸಿಗುತ್ತವೆ. ಹೊಸ ಆಟಿಕೆಗೆ ಸುಮ್ನೆ ಖರ್ಚು ಮಾಡಬೇಡಿ.

ಈಜುಕೊಳಕ್ಕೆ ಹೋಗುವುದಾದರೆ ಒಂದು ಮಾತು. ಇಲ್ಲಿಯ ಸಾರ್ವಜನಿಕ ಕೊಳಗಳಲ್ಲಿ ಗಂಡುಮಕ್ಕಳಿಗೆ ಸಡಿಲ ಚಡ್ಡಿ ನಡೆಯುವುದಿಲ್ಲ, ಮೈಗೆ ಅಂಟುವ ಈಜುಚಡ್ಡಿಯೇ ಬೇಕು. ಎಷ್ಟೋ ಕಡೆ ತಲೆಗೆ ಟೋಪಿಯೂ ಕಡ್ಡಾಯ. ಬಾಗಿಲವರೆಗೂ ಹೋದ ಮಕ್ಕಳನ್ನು ವಾಪಸ್ ಕರೆತರುವುದು ತುಂಬ ಸಂಕಟ. ಮೊದಲೇ ಮಗಳಿಗೋ ಸೊಸೆಗೋ ತಿಳಿಸಿಡಿ. ಕಾರಿನ ವಿಷಯವೂ ಹಾಗೆಯೇ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅವರ ಎತ್ತರ-ತೂಕಕ್ಕೆ ತಕ್ಕ ಸೀಟು ಇರಲೇಬೇಕು, ಅದು ಕಾನೂನು.

ಈಗ ನನಗೆ ಬಹಳ ಇಷ್ಟದ ವಿಷಯಕ್ಕೆ ಬರುತ್ತೇನೆ. ಮಳೆಗೆ ಹೆದರದ ಜಾಗವೆಂದರೆ ಗುಹೆ, ಮತ್ತು ನಾವಿರುವುದು ಗುಹೆಗಳ ನಾಡಿನಲ್ಲೇ. ಮೊಂತಿನ್ಯಾಕ್ ಹತ್ತಿರದ ಲಾಸ್ಕೋ ಗುಹೆ ಬೆಳಕಿಗೆ ಬಂದದ್ದು 1940ರ ಸೆಪ್ಟೆಂಬರ್‌ನಲ್ಲಿ. ನಾಲ್ಕು ಹುಡುಗರು ಒಂದು ಬಿಲದೊಳಗೆ ಇಳಿದು ನೋಡಿದಾಗ ಗೋಡೆ ತುಂಬ ಆದಿಮಾನವರು ಬರೆದ ಕುದುರೆ, ಜಿಂಕೆ, ಗೂಳಿಗಳು. ಅವರಲ್ಲಿ ದೊಡ್ಡವನು ಮಾರ್ಸೆಲ್ ರವಿದಾ, ಅವನಿಗಾಗ 18 ವರ್ಷ. ಈ ಕಥೆಯನ್ನು ಹಿಂದಿನ ರಾತ್ರಿ ಮಲಗುವಾಗ ಹೇಳಿಬಿಡಿ. ನೋಡಲು ಬಂದ ಜನರ ಉಸಿರಿನಿಂದಲೇ ಚಿತ್ರಗಳು ಕೆಡತೊಡಗಿದವು, ಅದಕ್ಕೇ 1963ರಲ್ಲಿ ನಿಜವಾದ ಗುಹೆಯನ್ನು ಮುಚ್ಚಿದರು ಎನ್ನುವುದನ್ನೂ ಹೇಳಿ. ಉಸಿರು ಚಿತ್ರವನ್ನು ಕೆಡಿಸುತ್ತದೆ ಎಂದರೆ ಮಕ್ಕಳು ಎಷ್ಟು ಹೊತ್ತು ಅದನ್ನೇ ಕೇಳುತ್ತಾರೆ ನೋಡಿ! ಈಗ ನಾವು ನೋಡುವುದು 2016ರಲ್ಲಿ ತೆರೆದ ಪ್ರತಿರೂಪ. ಒಂದು ಗೂಳಿಯಂತೂ ಐದು ಮೀಟರಿಗೂ ಉದ್ದ. ಚಿಕ್ಕ ಮಕ್ಕಳಿಗೆ ಒಳಗೆ ಕತ್ತಲು, ತಂಪು ಎರಡೂ ಇರುತ್ತದೆ, ಸ್ವೆಟರ್ ಬಿಡಬೇಡಿ. ರಜೆಯಲ್ಲಿ ಟಿಕೆಟ್ ಮುಂಚೆಯೇ ತೆಗೆದಿಡಿ.

ಲೆಜೆಜಿಯ ರಾಷ್ಟ್ರೀಯ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯ ಮಕ್ಕಳಿಗೆ ಉಚಿತ. ತಿಂಗಳ ಮೊದಲ ಭಾನುವಾರ ಹೋದರೆ ದೊಡ್ಡವರಿಗೂ ಉಚಿತ. ಅದೇ ಊರಿನಲ್ಲಿ 1868ರಲ್ಲಿ ಕ್ರೋ-ಮಾನ್ಯೋನ್ ಎಂದು ಕರೆಯುವ ಹಿಮಯುಗದ ಮನುಷ್ಯರ ಮೂಳೆಗಳು ಸಿಕ್ಕವು. ರುಫಿನ್ಯಾಕ್ ಗುಹೆಯೊಳಗೆ ಪುಟ್ಟ ವಿದ್ಯುತ್ ರೈಲಿನಲ್ಲಿ ಕೂತು ಮ್ಯಾಮತ್ ಚಿತ್ರಗಳನ್ನು ನೋಡಬಹುದು. ನಡೆಯಲಾರದ ಅಜ್ಜಿಗೂ ಓಡಾಡುವ ಮೊಮ್ಮಗನಿಗೂ ಇದೇ ಸರಿ. ಪಕ್ಕದ ಲೋತ್ ಜಿಲ್ಲೆಯ ಪಾದಿರಾಕ್‌ನಲ್ಲಿ ನೆಲದ ನೂರು ಮೀಟರ್ ಕೆಳಗೆ ದೋಣಿ ಪಯಣವಿದೆ. ಆದರೆ ಈ ಎರಡೂ ಚಳಿಗಾಲವಿಡೀ ಮುಚ್ಚಿರುತ್ತವೆ. ಅಕ್ಟೋಬರ್ ರಜೆಗೆ ಆದೀತು, ಫೆಬ್ರವರಿಗೆ ನೆಚ್ಚಿಕೊಳ್ಳಬೇಡಿ.

ಗುಹೆಯ ಮಜಾ ಮನೆಗೆ ಬಂದ ಮೇಲೂ ಮುಗಿಯುವುದಿಲ್ಲ. ಒಲೆಯಲ್ಲಿ ತಣ್ಣಗಾದ ಇದ್ದಿಲು ತೆಗೆದಿಡಿ. ಕಂದು ಕಾಗದ ಹರಡಿ, ದೀಪ ಆರಿಸಿ, ಟಾರ್ಚ್ ಬೆಳಕಿನಲ್ಲಿ ಬರೆಯಲು ಬಿಡಿ. ಗೋಡೆಗೆ ಕಾಗದ ಅಂಟಿಸಿದರೆ ಇನ್ನೂ ಚೆಂದ. ಬೆಂಗಳೂರಿನ ಮಕ್ಕಳಾದರೆ ಆನೆ ಬರೆಯುತ್ತಾರೆ, ಬರೆಯಲಿ.

ಮನೆಯೊಳಗಿನ ಆಟಕ್ಕೆ ನಮ್ಮ ಊರಿನ ಆಟಗಳಷ್ಟು ಒಳ್ಳೆಯವು ಬೇರೆ ಇಲ್ಲ. ಚೌಕಾಬಾರಕ್ಕೆ ಸೀಮೆಸುಣ್ಣದಲ್ಲಿ ಐದೈದು ಮನೆ ಎಳೆದರೆ ಆಯಿತು. ಕವಡೆ ಇಲ್ಲವೇ? ಒಡೆದ ಆಕ್ರೋಟಿನ ಅರ್ಧ ಚಿಪ್ಪುಗಳು ಮಗುಚಿಯೋ ಅಂಗಾತವೋ ಬೀಳುತ್ತವೆ. ಪೆರಿಗೋರ್‌ನಲ್ಲಿ (ದೋರ್ದೋನ್‌ಗೆ ಇರುವ ಹಳೆಯ ಹೆಸರು) ಆಕ್ರೋಟಿಗೆ ಬರವಿಲ್ಲ. ಅಳಗುಳಿ ಮಣೆಗೆ ಹನ್ನೆರಡು ಮೊಟ್ಟೆಯ ರಟ್ಟಿನ ಪೆಟ್ಟಿಗೆ ಮತ್ತು ಎರಡು ಬಟ್ಟಲು ಸಾಕು, ಒಟ್ಟು ಹದಿನಾಲ್ಕು ಗುಳಿ. ಹುಣಸೆಬೀಜದ ಬದಲು ಸಂತೆಯ ಬಿಳಿ ಹುರುಳಿಕಾಯಿ ಬೀಜ. ಮೂರು ವರ್ಷದೊಳಗಿನ ಮಗುವಿದ್ದರೆ ಮಾತ್ರ ಬೀಜ ಬೇಡ, ಬಾಯಿಗೆ ಹಾಕಿಕೊಳ್ಳುತ್ತವೆ. ಉಳಿದ ಆಕ್ರೋಟಿನ ಚಿಪ್ಪಿಗೆ ಕಾಗದದ ಹಾಯಿ ಸಿಕ್ಕಿಸಿ ಸ್ನಾನದ ತೊಟ್ಟಿಯಲ್ಲಿ ಬಿಡಿ, ಒಂದು ಗಂಟೆ ಕಳೆಯುತ್ತದೆ.

ಅಡುಗೆಯಲ್ಲೂ ಅವರನ್ನು ಸೇರಿಸಿಕೊಳ್ಳಿ. ಅಕ್ಕಿ ಹಿಟ್ಟು ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತದೆ, ರೊಟ್ಟಿ ತಟ್ಟಲು ಪುಟ್ಟ ಕೈಗಳಿಗೆ ಖುಷಿ. ಫೆಬ್ರವರಿ 2ರಂದು ಶಾಂದ್ಲರ್ ಹಬ್ಬ. ಅಂದು ಇಲ್ಲಿಯ ಮನೆಗಳಲ್ಲಿ ಕೈಯಲ್ಲಿ ನಾಣ್ಯ ಹಿಡಿದು ಕ್ರೆಪ್ ಅನ್ನು ಗಾಳಿಯಲ್ಲಿ ಮಗುಚುತ್ತಾರೆ. ದೋಸೆ ಹಾಕುವ ಅಜ್ಜಿಗೆ ಇದು ನೀರು ಕುಡಿದಷ್ಟು ಸುಲಭ. ಜನವರಿಯಲ್ಲಿ ಬಂದರೆ ಬೇಕರಿಯಿಂದ ಗಲೆತ್ ಎಂಬ ಹಬ್ಬದ ಕೇಕ್ ತನ್ನಿ. ಒಳಗೆ ಒಂದು ಪುಟ್ಟ ಗೊಂಬೆ ಅಡಗಿರುತ್ತದೆ. ಎಲ್ಲರಿಗಿಂತ ಚಿಕ್ಕ ಮಗು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆ ಎಂದು ಕೂಗಬೇಕು. ಗೊಂಬೆ ಸಿಕ್ಕವರಿಗೆ ಕಿರೀಟ. ಮಕ್ಕಳಿಗೆ ಹುಷಾರಾಗಿ ಕಚ್ಚಲು ಹೇಳಿ. ಅದೇ ವಾರ ಸಂಕ್ರಾಂತಿಯ ಎಳ್ಳು-ಬೆಲ್ಲವನ್ನೂ ಮಾಡಿ ಪಕ್ಕದ ಮನೆಗೆ ಮಕ್ಕಳ ಕೈಯಲ್ಲೇ ಕಳಿಸಿ. ನಮ್ಮ ನೆರೆಯವರ ಗೆಳೆತನ ಶುರುವಾದದ್ದೇ ಹಾಗೆ.

ದಿನಕ್ಕೊಮ್ಮೆ ಹೊರಗೆ ಹೋಗಲೇಬೇಕು, ಜಿನುಗುತ್ತಿದ್ದರೂ ಸರಿ. ಅರ್ಧ ಗಂಟೆ ಸಾಕು. ರಬ್ಬರ್ ಬೂಟು, ಮಳೆಕೋಟು ಎರಡೂ ನಿಮ್ಮ ಮನೆಯಲ್ಲೇ ಇರಲಿ. ಮಳೆ ನಿಂತೊಡನೆ ಗೋಡೆ ಬುಡದಲ್ಲಿ ಬಸವನಹುಳುಗಳು ಬರುತ್ತವೆ, ಎಣಿಸಲಿ. ಅಣಬೆಯನ್ನು ನೋಡಬಹುದು, ಮುಟ್ಟಿದರೆ ಕೈ ತೊಳೆಯಬೇಕು, ತಿನ್ನುವ ಮಾತೇ ಬೇಡ.

ಜೋರು ಗಾಳಿಯ ದಿನದ ಲೆಕ್ಕ ಬೇರೆ. ಬೆಳಿಗ್ಗೆ ಇಲ್ಲಿಯ ಹವಾಮಾನ ಇಲಾಖೆ ಮೆತೆಯೋ-ಫ್ರಾನ್ಸ್‌ನ ಎಚ್ಚರಿಕೆ ನಕ್ಷೆ ನೋಡಿ. ನಿಮ್ಮ ಜಿಲ್ಲೆ ಕಿತ್ತಳೆ ಅಥವಾ ಕೆಂಪು ಬಣ್ಣದಲ್ಲಿದ್ದರೆ ಕಾಡಿನ ಕಡೆ ಹೋಗಬೇಡಿ, ಕಾರೂ ತೆಗೆಯಬೇಡಿ. ಕರೆಂಟ್ ಹೋದೀತು, ಟಾರ್ಚ್ ಮತ್ತು ಫೋನ್ ಚಾರ್ಜ್ ಮಾಡಿಟ್ಟಿರಿ. ಕಟ್ಟಿಗೆ ಒಲೆಯ ಗಾಜು ವಿಪರೀತ ಸುಡುತ್ತದೆ, ಸುತ್ತ ತಡೆಬೇಲಿ ಇಲ್ಲದೆ ಹಚ್ಚಬೇಡಿ. ಚಳಿ ಎಂದು ಗಾಳಿಕಿಂಡಿ ಮುಚ್ಚಲೂಬೇಡಿ, ಒಲೆಯ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ. ತುರ್ತು ವೈದ್ಯರಿಗೆ 15, ಅಗ್ನಿಶಾಮಕದವರಿಗೆ 18, ಯಾವುದೂ ನೆನಪಾಗದಿದ್ದರೆ 112. ಮುಚ್ಚಿದ ಹೊತ್ತಿನಲ್ಲಿ ಯಾವ ಔಷಧಿ ಅಂಗಡಿ ತೆರೆದಿದೆ ಎಂದು ತಿಳಿಯಲು 3237. ಈ ನಂಬರುಗಳನ್ನೂ ನಿಮ್ಮ ಮನೆಯ ವಿಳಾಸವನ್ನೂ ಆ ಅಡುಗೆಮನೆಯ ಹಾಳೆಯ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ವಿಳಾಸವನ್ನು ಫೋನಿನಲ್ಲಿ ಫ್ರೆಂಚ್‌ನವರಿಗೆ ಅರ್ಥವಾಗುವಂತೆ ಹೇಳಲು ಮೊದಲೇ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ.